ತಲೆಯ ಮೇಲೆ ಸೇತುವೆ, ಇಳಿಯಲು ದೋಣಿ

ಅಮೆರಿಕದ 50ನೇ ಹೆದ್ದಾರಿ ಪಶ್ಚಿಮ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಪಟ್ಟಣವನ್ನು ಬಳಸಿಕೊಂಡು ಓಹಾಯೋ ನದಿಯ ದಂಡೆಗೆ ಬರುತ್ತದೆ. ಇಲ್ಲಿ ನದಿಯನ್ನಷ್ಟೇ ದಾಟಿದರೆ ಸಾಲದು. ನಡುವೆ ಉದ್ದಕ್ಕೂ ಮಲಗಿರುವ ಬ್ಲೆನರ್‌ಹ್ಯಾಸೆಟ್ ನಡುಗಡ್ಡೆಯನ್ನೂ ದಾಟಬೇಕು. 2008ರ ಜೂನ್‌ನಲ್ಲಿ ಸಂಚಾರಕ್ಕೆ ತೆರೆದ ಕಮಾನು ಸೇತುವೆ ಎರಡನ್ನೂ ಒಟ್ಟಿಗೇ ದಾಟಿಸುತ್ತದೆ. ಒಟ್ಟು ಉದ್ದ ಸುಮಾರು 1,220 ಮೀಟರ್. ಕಮಾನಿನ ಹರವೇ 268 ಮೀಟರ್.

ಸಾಮಾನ್ಯವಾಗಿ ಇಂಥ ಸೇತುವೆಗಳಲ್ಲಿ ರಸ್ತೆಯನ್ನು ಎತ್ತಿಹಿಡಿಯುವ ತಂತಿಗಳು ನೆಟ್ಟಗೆ ಇಳಿಬಿದ್ದಿರುತ್ತವೆ. ಇಲ್ಲಿ ಅವು ಓರೆಯಾಗಿ ಒಂದನ್ನೊಂದು ಹಾಯ್ದು ಹಗ್ಗದ ಮಂಚದ ನೇಯ್ಗೆಯಂತೆ ಕಾಣುತ್ತವೆ. ನಾರ್ವೆಯ ಎಂಜಿನಿಯರ್ ಪೆರ್ ಟ್ವೇಟ್ 1950ರ ದಶಕದಲ್ಲಿ ಕಂಡುಕೊಂಡ ಉಪಾಯವಿದು. ಭಾರ ಹಂಚಿಹೋಗುವುದರಿಂದ ಕಮಾನು ಬಾಗುವುದು ಕಡಿಮೆ, ಬೇಕಾಗುವ ಉಕ್ಕೂ ಕಡಿಮೆ.

ನಡುಗಡ್ಡೆಗೆ ಹೆಸರು ಕೊಟ್ಟವನು ಐರ್ಲೆಂಡಿನ ಸಿರಿವಂತ ಹಾರ್ಮನ್ ಬ್ಲೆನರ್‌ಹ್ಯಾಸೆಟ್. ಅವನು ಮದುವೆಯಾದ ಮಾರ್ಗರೆಟ್ ಸ್ವಂತ ಸೋದರಿಯ ಮಗಳು. ನಮ್ಮ ಕಡೆ ಸೋದರಮಾವನನ್ನು ವರಿಸುವುದು ಹೊಸತೇನಲ್ಲ. ಅವರಲ್ಲಿ ಅದು ನಿಷಿದ್ಧ. ದೂರ ದೇಶಕ್ಕೆ ಬಂದ ದಂಪತಿ 1798ರಲ್ಲಿ ಇಲ್ಲಿ ಜಮೀನು ಕೊಂಡು ಭವ್ಯ ಬಂಗಲೆ ಕಟ್ಟಿಸಿದರು. ಓಹಾಯೋ ದಡದಲ್ಲಿ ಗುಲಾಮಗಿರಿಗೆ ನಿಷೇಧವಿತ್ತು. ನಡುಗಡ್ಡೆ ವರ್ಜೀನಿಯಾಕ್ಕೆ ಸೇರಿದ್ದರಿಂದ ಇಲ್ಲಿ ಗುಲಾಮರನ್ನಿಟ್ಟುಕೊಳ್ಳಲು ಅಡ್ಡಿಯಿರಲಿಲ್ಲ. ಬಂಗಲೆಯ ಸೊಬಗನ್ನು ಹೊಗಳುವವರು ಇದನ್ನು ಮರೆಯಬಾರದು.

ಅದೇ ಗಡಿ ಮುಂದೆ ಅವನಿಗೇ ಉರುಳಾಯಿತು. ಅಮೆರಿಕದ ಮಾಜಿ ಉಪಾಧ್ಯಕ್ಷ ಆರನ್ ಬರ್ ಪಶ್ಚಿಮದಲ್ಲಿ ಹೊಸ ರಾಜ್ಯವೊಂದನ್ನು ಕಟ್ಟಲು ಹೊರಟಿದ್ದಾನೆಂಬ ಗುಮಾನಿ ಎದ್ದಿತು. ಹಾರ್ಮನ್ ಅವನಿಗೆ ಹಣ ಕೊಟ್ಟಿದ್ದ. 1806ರ ಡಿಸೆಂಬರ್‌ನಲ್ಲಿ ಬರ್‌ನ ಕಡೆಯವರು ನಡುಗಡ್ಡೆಯಲ್ಲಿ ಜಮಾಯಿಸಿದರು. ಸೇನೆ ಬರುವ ಸುಳಿವು ಸಿಕ್ಕಿ ಹಾರ್ಮನ್ ರಾತ್ರೋರಾತ್ರಿ ನದಿಗುಂಟ ಪರಾರಿಯಾದ. ಜಾಗ ವರ್ಜೀನಿಯಾದ್ದಾದ್ದರಿಂದ 1807ರಲ್ಲಿ ವಿಚಾರಣೆ ನಡೆದದ್ದು ರಿಚ್ಮಂಡ್‌ನಲ್ಲಿ, ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಎದುರು. ರಾಜದ್ರೋಹ ಸಾಬೀತಾಗಲು ಬಹಿರಂಗ ಕೃತ್ಯವನ್ನು ಕಣ್ಣಾರೆ ಕಂಡ ಇಬ್ಬರು ಸಾಕ್ಷಿಗಳು ಬೇಕೆಂದು ಸಂವಿಧಾನ ಹೇಳುತ್ತದೆ. ಗುಂಪು ಸೇರಿದಾಗ ಬರ್ ನಡುಗಡ್ಡೆಯಲ್ಲಿ ಇರಲೇ ಇಲ್ಲ! ಅವನು ಬಿಡುಗಡೆಯಾದ, ಹಾರ್ಮನ್ ಸಾಲದಲ್ಲಿ ಮುಳುಗಿದ.

ಬಂಗಲೆ 1811ರಲ್ಲಿ ಸುಟ್ಟು ಬೂದಿಯಾಯಿತು. 1973ರ ಉತ್ಖನನದಲ್ಲಿ ಸಿಕ್ಕ ಅಡಿಪಾಯದ ಮೇಲೆಯೇ ಮುಂದಿನ ದಶಕದಲ್ಲಿ ಅದನ್ನು ಮತ್ತೆ ಕಟ್ಟಿದ್ದಾರೆ. 1842ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡ ಮಾರ್ಗರೆಟ್‌ಳ ಅವಶೇಷಗಳನ್ನು 1996ರಲ್ಲಿ ತಂದು ಇಲ್ಲಿಯೇ ಮಣ್ಣು ಮಾಡಲಾಯಿತು.

ಸೇತುವೆಯ ಮೇಲೆ ಕಾರಿನಲ್ಲಿ ಹೋಗುವವರಿಗೆ ಇದೆಲ್ಲ ಮರಗಳ ಹಸಿರು ಪಟ್ಟಿಯಷ್ಟೆ. ಅಲ್ಲಿಂದ ಕೆಳಗಿಳಿಯಲು ದಾರಿಯಿಲ್ಲ. ಬಂಗಲೆ ನೋಡಬೇಕೆಂದರೆ ಪಾರ್ಕರ್ಸ್‌ಬರ್ಗ್‌ಗೆ ಹೋಗಿ, ಹಿಂಬದಿಗೆ ದೊಡ್ಡ ಚಕ್ರವಿರುವ ಹಳೇ ಮಾದರಿಯ ದೋಣಿ ಹತ್ತಬೇಕು.