ಓದಲಾರದ ಲಿಪಿ

ಕರಾವಳಿಯ ಒಂದು ಮನೆಯಲ್ಲಿ ಹಿರಿಯರು ಕೂಡಿಟ್ಟ ತಿಗಳಾರಿ ಲಿಪಿಯ ಓಲೆಗರಿಗಳಿದ್ದುವು. ಮೊಮ್ಮಗಳು ಅವುಗಳ ಚಿತ್ರಗಳನ್ನು ತೆಗೆದು, ತನ್ನ ಮ್ಯಾಕ್ ಕಂಪ್ಯೂಟರಿನಿಂದ ಹಾರ್ಡ್ ಡಿಸ್ಕೊಂದಕ್ಕೆ ತುಂಬಿ, ಅಜ್ಜನ ಕೈಗಿತ್ತು ಊರಿಗೆ ಹೋದಳು. ಆ ಮಳೆಗಾಲದಲ್ಲಿ ಗರಿಗಳು ಗೆದ್ದಲಿನ ಪಾಲಾದುವು.

ಅನಂತರ ಡಿಸ್ಕನ್ನು ಮನೆಯ ವಿಂಡೋಸ್ ಕಂಪ್ಯೂಟರಿಗೆ ಜೋಡಿಸಲು ದೀಪವೇನೋ ಬೆಳಗಿತು, ಚಿತ್ರವೊಂದೂ ಕಾಣಲಿಲ್ಲ. ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕೆಂದು ತೆರೆ ತಿಳಿಸಿತು. ಕೇಬಲ್ಲನ್ನು ಬದಲಿಸಿದರು, ಬೇರೆ ಪೋರ್ಟಿಗೆ ಸಿಕ್ಕಿಸಿದರು, ಫಲವೊಂದೇ. ಮಗನು ಒಪ್ಪಿಗೆ ಕೊಡುವಷ್ಟರಲ್ಲಿ ವೃದ್ಧರು ತಡೆದರು: “ನಿಲ್ಲಪ್ಪಾ! ನಾಗರಿಯನ್ನು ಮಾತ್ರ ಬಲ್ಲವನು ತಿಗಳಾರಿಯನ್ನು ಓದಲಾರ. ಅಷ್ಟಕ್ಕೇ ಓಲೆಯನ್ನು ಒರಸಿಬಿಡುವುದೆ?”

ಅವರ ಊಹೆ ಸರಿಯಾಗಿತ್ತು. 2017ರಲ್ಲಿ ಮ್ಯಾಕ್‌ಗೆ ಬಂದ ಎಪಿಎಫ್‌ಎಸ್ ಎಂಬ ಕಡತವ್ಯವಸ್ಥೆಯನ್ನು ವಿಂಡೋಸ್ ತಾನಾಗಿ ಓದಲಾರದು. ಒಪ್ಪಿದ್ದರೆ ಉಳಿದಿದ್ದ ಒಂದೇ ಪ್ರತಿಯೂ ಕೈತಪ್ಪುತ್ತಿತ್ತು. ಮೊಮ್ಮಗಳು ಮರಳಿ ಬಂದು ತನ್ನ ಕಂಪ್ಯೂಟರಿನಲ್ಲಿ ತೆರೆಯಲು ಚಿತ್ರಗಳೆಲ್ಲವೂ ಇದ್ದುವು. ಎರಡು ಬಗೆಯ ಕಂಪ್ಯೂಟರುಗಳೂ ಓದಿ ಬರೆಯಬಲ್ಲ ಎಕ್ಸ್‌ಫ್ಯಾಟ್ ವ್ಯವಸ್ಥೆಯ ಇನ್ನೊಂದು ಡಿಸ್ಕಿಗೆ ಅವನ್ನು ನಕಲಿಸಿದಳು.

ತನಗೆ ತಿಳಿಯದುದನ್ನು ಬರಿದೆಂದು ಬಗೆಯುವುದು ಯಂತ್ರದ ಸ್ವಭಾವ. ಬಗೆಯದಿರುವುದು ವಿದ್ಯೆಯ ಮೊದಲ ಲಕ್ಷಣ.