ಕೂಡಿ ಕೇಳುವ ಊರು

ಡಿಸೆಂಬರ್ ಬಂತೆಂದರೆ ಸಂಗೀತದ ಹುಚ್ಚು ಹಿಡಿದವರಲ್ಲಿ ಒಂದು ಲೆಕ್ಕಾಚಾರ ಶುರುವಾಗುತ್ತದೆ. ಈ ವರ್ಷ ಕೇಳಿದ್ದರಲ್ಲಿ ಮನಸ್ಸಿನಲ್ಲಿ ಉಳಿದದ್ದು ಯಾವುದು? ಕಾಲೇಜು ಹುಡುಗ ಹುಡುಗಿಯರು ಮೊಬೈಲಿನಲ್ಲಿ ಪಟ್ಟಿ ಮಾಡಿ ಗೆಳೆಯರಿಗೆ ಕಳಿಸುತ್ತಾರೆ. ತಂದೆತಾಯಿಗಳಿಗೆ ಅದು ಹೊಸ ಕಾಲದ ಚಟದಂತೆ ಕಾಣಬಹುದು. ಆದರೆ ಹುಬ್ಬಳ್ಳಿ-ಧಾರವಾಡದ ಮಟ್ಟಿಗೆ ಇದು ಮೊಬೈಲಿಗಿಂತ ಬಹಳ ಹಿರಿಯ ಹವ್ಯಾಸ. "ಈ ಸಲ ಏನ್ ಕೇಳಿದ್ರಿ?" ಎಂದು ಒಬ್ಬರು ಕೇಳುವುದು, "ನೀವೂ ಒಮ್ಮೆ ಕೇಳ್ರಿ" ಎಂದು ಇನ್ನೊಬ್ಬರು ಹೇಳುವುದು, ಈ ಎರಡು ಮಾತುಗಳ ನಡುವೆಯೇ ಇಲ್ಲಿಯ ಸಂಗೀತ ಬೆಳೆದಿದೆ.

1962ರಲ್ಲಿ ಒಂದೇ ಮಹಾನಗರಪಾಲಿಕೆಯಾದ ಈ ಎರಡು ಊರುಗಳ ನಡುವೆ ಇಪ್ಪತ್ತು ಕಿಲೋಮೀಟರ್ ಅಂತರ. ಚಿಗರಿ ಬಸ್ಸು ಹತ್ತಿದರೆ ಕಿಟಕಿಯ ಹೊರಗೆ ನೋಡುತ್ತಿರುವಾಗಲೇ ಊರು ಬದಲಾಗಿರುತ್ತದೆ. ಧಾರವಾಡದ ಒಂದು ಬದಿಗೆ ಮಲ್ಲಿಕಾರ್ಜುನ ಮನಸೂರರು ಹುಟ್ಟಿದ ಮನಸೂರು. ಊರೊಳಗೆ ಗಂಗೂಬಾಯಿ ಹಾನಗಲ್ ಹುಟ್ಟಿದ ಶುಕ್ರವಾರಪೇಟೆ. ಅತ್ತ ಹುಬ್ಬಳ್ಳಿ ದಾಟಿ ಹೋದರೆ ಸವಾಯಿ ಗಂಧರ್ವರ ಕುಂದಗೋಳ. ಇಷ್ಟು ಸಣ್ಣ ಸೀಮೆಯಲ್ಲಿ ಇಷ್ಟು ಮಂದಿ ಹಾಡುಗಾರರು ಹೇಗೆ ಎಂದು ಬಂದವರೆಲ್ಲ ಕೇಳುತ್ತಾರೆ. ಇಲ್ಲಿಯ ಗಾಳಿ, ನೀರು, ಜಿಟಿಜಿಟಿ ಮಳೆ ಎಂದು ಊರವರು ನಗುತ್ತಾರೆ. ಉತ್ತರದ ಬಹುಪಾಲು ಮಾತ್ರ ಕೇಳುಗರ ಕಡೆಗಿದೆ.

ಮಿರಜ, ಪುಣೆ ಕಡೆಯಿಂದ ಮೈಸೂರಿಗೆ ಹೋಗುವ ರೈಲುದಾರಿ ಇಲ್ಲಿಂದಲೇ ಹಾಯುತ್ತದೆ. ಮೈಸೂರು ಅರಮನೆಯ ಕರೆಗೆ ಹೊರಟ ಉಸ್ತಾದ್ ಅಬ್ದುಲ್ ಕರೀಂ ಖಾನರು ಈ ಊರುಗಳಲ್ಲಿ ಇಳಿದು ಹಾಡುತ್ತಿದ್ದರು. ಭಾಸ್ಕರಬುವಾ ಬಖಲೆ ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಸಂಗೀತದ ಶಿಕ್ಷಕರಾಗಿದ್ದರು. ದೊಡ್ಡವರು ಹಾಡಲು ನಿಂತರೆ ಕೇಳಲು ಜನ ಇರಬೇಕಲ್ಲ? ವಕೀಲರು, ಮಾಸ್ತರರು, ವ್ಯಾಪಾರಿಗಳು ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿ ಕೂತರು. ಅದೇ ಬೈಠಕ್. ಮರುದಿನ ಆ ಹಾಡಿಕೆಯ ಮಾತು ಪೇಟೆಯಲ್ಲಿ ನಡೆಯುತ್ತಿತ್ತು.

ಆಮೇಲೆ ಗ್ರಾಮಾಫೋನ್ ಪ್ಲೇಟು ಬಂತು. ಭಾರತದಲ್ಲಿ ಧ್ವನಿಮುದ್ರಣ ಶುರುವಾದದ್ದು 1902ರಲ್ಲಿ. ನಿಮಿಷಕ್ಕೆ 78 ಸುತ್ತು ತಿರುಗುವ ಆ ಪ್ಲೇಟಿನ ಒಂದು ಬದಿಗೆ ಹಿಡಿಸುತ್ತಿದ್ದದ್ದು ಮೂರು, ಮೂರೂವರೆ ನಿಮಿಷ. ತಾಸುಗಟ್ಟಲೆ ಅರಳುವ ರಾಗವನ್ನು ಅಷ್ಟರಲ್ಲಿ ಮುಗಿಸಬೇಕು. ಹಾಗಾಗಿ ಹಾಡುಗಾರರು ಸಾರವನ್ನಷ್ಟೇ ಇಟ್ಟರು. ಕೇಳುವವರು ಅದನ್ನೇ ಮತ್ತೆ ಮತ್ತೆ ಹಚ್ಚಿ ಬಾಯಿಪಾಠ ಮಾಡಿಕೊಂಡರು. ಒಬ್ಬರ ಮನೆಯಲ್ಲಿ ಪೆಟ್ಟಿಗೆ ಇದ್ದರೆ ಓಣಿಗೆಲ್ಲ ಸಂಗೀತ.

ಆ ಮೂರು ನಿಮಿಷ ಏನು ಮಾಡಬಲ್ಲದು ಎಂಬುದಕ್ಕೆ ಪಕ್ಕದ ಗದಗಿನ ಹುಡುಗನೊಬ್ಬ ಸಾಕ್ಷಿ. ಅಬ್ದುಲ್ ಕರೀಂ ಖಾನರ ಝಿಂಜೋಟಿ ರಾಗದ ಠುಮ್ರಿಯ ಪ್ಲೇಟು ಕೇಳಿ, ಹೀಗೆ ಹಾಡಬೇಕು ಎಂಬ ಹಟ ಅವನಲ್ಲಿ ಹುಟ್ಟಿತು. 1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ, ಗುರುವನ್ನು ಹುಡುಕುತ್ತ ಮನೆ ಬಿಟ್ಟ. ಉತ್ತರ ಹಿಂದುಸ್ಥಾನ ಸುತ್ತಿ ಕೊನೆಗೆ ಅವನಿಗೆ ಗುರು ಸಿಕ್ಕದ್ದು ಮನೆಯ ಹತ್ತಿರದ ಕುಂದಗೋಳದಲ್ಲೇ, ಖಾನ್ ಸಾಹೇಬರ ಶಿಷ್ಯರಾದ ಸವಾಯಿ ಗಂಧರ್ವರಲ್ಲಿ. ಆ ಹುಡುಗನೇ ಭೀಮಸೇನ ಜೋಶಿ. ಹುಬ್ಬಳ್ಳಿಯಿಂದ ರೈಲಿನಲ್ಲಿ ಪಾಠಕ್ಕೆ ಬರುತ್ತಿದ್ದ ಗಂಗೂಬಾಯಿಯವರನ್ನು ಸಂಜೆ ಸ್ಟೇಶನ್ನಿಗೆ ಬಿಡಲು ಹೋಗುವಾಗ, ಇವತ್ತು ಗುರುಗಳು ಏನು ಕಲಿಸಿದರು ಎಂದು ಅವರು ವಿಚಾರಿಸುತ್ತಿದ್ದರಂತೆ.

ಮನಸೂರರ ಕಥೆ ಇನ್ನೊಂದು ದಿಕ್ಕಿನದು. 1930ರ ದಶಕದಲ್ಲಿ ಎಚ್‌ಎಂವಿ ಹೊರತಂದ ಅವರ ಪ್ಲೇಟುಗಳು ಮುಂಬಯಿಯ ರಸಿಕರ ಕಿವಿಗೆ ಬಿದ್ದವು. ಅದರಿಂದಲೇ ಜೈಪುರ ಘರಾಣೆಯ ಅಲ್ಲಾದಿಯಾ ಖಾನರ ಮಗ ಮಂಜೀಖಾನರ ಹತ್ತಿರ ಕಲಿಯುವ ಬಾಗಿಲು ತೆರೆಯಿತು. ಒಂದು ಪ್ಲೇಟು ಒಬ್ಬನನ್ನು ಮನೆ ಬಿಡಿಸಿತು. ಇನ್ನೊಂದು ಪ್ಲೇಟು ಮತ್ತೊಬ್ಬರಿಗೆ ಗುರುವನ್ನು ಕೊಡಿಸಿತು.

ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಗಂಗೂಬಾಯಿಯವರ ಮನೆ 'ಗಂಗಾಲಹರಿ' ಇದೆ. ಅದನ್ನು ನೋಡಲು ಹೋಗುವ ಮುನ್ನ ಮಕ್ಕಳಿಗೆ ಒಂದು ಕೆಲಸ ಹೇಳಬಹುದು. ಅವರ ಆರಂಭದ ಪ್ಲೇಟೊಂದನ್ನು ಕೇಳಿ. 'ಗಾಂಧಾರಿ' ಎಂಬ ಹೆಸರಿನಲ್ಲಿ ಬಂದ ಆ ಮುದ್ರಣಗಳಲ್ಲಿ ತೆಳುವಾದ, ಎತ್ತರದ ಕಂಠವಿದೆ. ಬಳಿಕ ಅವರ ನಡುವಯಸ್ಸಿನ ಮುದ್ರಣ ಕೇಳಿ. ಗಂಟಲಿನ ಚಿಕಿತ್ಸೆಯ ನಂತರ ದನಿ ದಪ್ಪವಾಗಿ, ಗಂಡಸಿನ ದನಿಯಷ್ಟು ಕೆಳಗಿಳಿದಿತ್ತು. ಬೇರೆಯವರಾಗಿದ್ದರೆ ಹಾಡುವುದನ್ನೇ ಬಿಡುತ್ತಿದ್ದರೇನೋ. ಅವರು ಆ ದನಿಯಲ್ಲೇ ತಮ್ಮ ಹಾಡಿಕೆ ಕಟ್ಟಿದರು, 2009ರಲ್ಲಿ ತೀರಿಕೊಳ್ಳುವ ಹೊತ್ತಿಗೆ ದೇಶವೇ ಆ ದನಿಯನ್ನು ಗುರುತಿಸುತ್ತಿತ್ತು. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂತೆಂದು ಕುಗ್ಗಿದ ಮಗುವಿಗೆ ಈ ಎರಡು ಮುದ್ರಣಗಳನ್ನು ಒಂದರ ಹಿಂದೆ ಒಂದು ಕೇಳಿಸಿದರೆ ಬೇರೆ ಉಪದೇಶ ಬೇಕಾಗದು.

1950ರಲ್ಲಿ ಧಾರವಾಡಕ್ಕೆ ಆಕಾಶವಾಣಿ ಬಂತು. ಪೆಟ್ಟಿಗೆ ಕೊಳ್ಳಲಾಗದವರ ಮನೆಗೂ ಬಸವರಾಜ ರಾಜಗುರುಗಳ ಗಾಯನ ಮುಟ್ಟಿತು. ಮುಂದೆ ಕ್ಯಾಸೆಟ್ಟಿನ ಕಾಲ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಬಂದಾಗ ಕನ್ನಡ ಭಾವಗೀತೆಯೂ ಮನೆಮನೆಯ ವಸ್ತುವಾಯಿತು. ಒಂದು ಕ್ಯಾಸೆಟ್ಟು ಹತ್ತು ಮನೆ ತಿರುಗಿ ಬರುತ್ತಿತ್ತು. ಟೇಪು ಸಡಿಲಾದರೆ ಪೆನ್ಸಿಲ್ ತೂರಿಸಿ ಸುತ್ತುವುದು, ಸ್ವಂತ ಕೈಯಿಂದ ರಾಗದ ಹೆಸರು ಬರೆಯುವುದು, "ಕಡೇ ಐದು ನಿಮಿಷ ತಪ್ಪಿಸಬ್ಯಾಡ್ರಿ" ಎಂದು ತಾಕೀತು ಮಾಡಿ ಕೊಡುವುದು. ಹಿಂತಿರುಗಿಸುವಾಗ ಅಭಿಪ್ರಾಯ ಹೇಳಲೇಬೇಕು. ಸುಮ್ಮನೆ "ಛಲೋ ಐತಿ" ಎಂದರೆ ಕೊಟ್ಟವರಿಗೆ ಸಮಾಧಾನವಿಲ್ಲ.

ಈಗ ಮೇಲೆ ಹೇಳಿದ್ದೆಲ್ಲ ಕಿಸೆಯೊಳಗಿದೆ. ಮನಸೂರರೂ ಸಿಗುತ್ತಾರೆ, ವೆಂಕಟೇಶ ಕುಮಾರರೂ ಸಿಗುತ್ತಾರೆ, ಮಕ್ಕಳು ಮೆಚ್ಚುವ ಇಂಗ್ಲಿಷ್, ಕೊರಿಯನ್ ಹಾಡುಗಳೂ ಸಿಗುತ್ತವೆ. ಸಿಗದೆ ಹೋಗಿರುವುದು ಪಕ್ಕದಲ್ಲಿ ಕೂತು ಕೇಳುವ ಮತ್ತೊಂದು ಜೊತೆ ಕಿವಿ. ಮಗನ ಕಿವಿಯಲ್ಲೊಂದು ಹಾಡು, ಅಪ್ಪನ ಕಿವಿಯಲ್ಲೊಂದು. ಒಂದೇ ಮನೆಯಲ್ಲಿದ್ದೂ ಒಬ್ಬರ ರುಚಿ ಇನ್ನೊಬ್ಬರಿಗೆ ತಿಳಿಯದು. ಪಟ್ಟಿ ಕಳಿಸುವುದು ಸುಲಭ. ಕಳಿಸಿದ್ದನ್ನು ಪೂರ್ತಿ ಕೇಳುವವರು ಎಷ್ಟು ಮಂದಿ?

ಹಾಗಾಗಿ ಈ ವರ್ಷದ ಕೊನೆಯ ಒಂದು ಸಂಜೆ ಮನೆಯಲ್ಲೇ ಬೈಠಕ್ ಮಾಡಿ ನೋಡಿ. ಮನೆಯ ಪ್ರತಿಯೊಬ್ಬರೂ ತಮಗೆ ಈ ವರ್ಷ ಹಿಡಿಸಿದ ಒಂದೇ ಒಂದನ್ನು ಆರಿಸಬೇಕು. ಅದು ಯಾಕೆ ಹಿಡಿಸಿತು ಎಂದು ಎರಡು ಮಾತು ಹೇಳಬೇಕು. ನಡುವೆ ಎದ್ದು ಹೋಗಬಾರದು, "ಇದೆಂಥಾ ಹಾಡೋ" ಎಂದು ಮೂಗು ಮುರಿಯಬಾರದು. ಮಗಳ ಹಾಡನ್ನು ಅಜ್ಜ ಕೇಳಲಿ. ಅಜ್ಜನ ಭೈರವಿಯನ್ನು ಮಗಳು ಕೇಳಲಿ. ಭೀಮಸೇನರು ಬಾಲ್ಯದಲ್ಲಿ ಕೇಳಿದ್ದೂ ಮೂರೇ ನಿಮಿಷದ ಹಾಡು. ನಿಮ್ಮ ಮನೆಯ ಪಡಸಾಲೆಯಲ್ಲಿ ಯಾವ ಮೂರು ನಿಮಿಷ ಯಾವ ಮಗುವಿನ ದಾರಿ ತೆರೆದೀತು ಎಂದು ಮೊದಲೇ ಹೇಳಬಲ್ಲವರಿಲ್ಲ.