ಕಲೋನ್‌ನಲ್ಲಿ ಬರಗಿನ ಬಿಯರ್

ಜರ್ಮನಿಯ ಕಲೋನ್‌ನಲ್ಲಿ ರೈಲಿಳಿದು ಸ್ಟೇಷನ್ನಿನಿಂದ ಹೊರಬಂದರೆ ಎದುರಿಗೇ ಆ ಪ್ರಸಿದ್ಧ ಕೆಥೆಡ್ರಲ್. 157 ಮೀಟರ್ ಎತ್ತರ. 1248ರಲ್ಲಿ ಶುರುವಾದ ಕೆಲಸ ಮುಗಿದದ್ದು 1880ರಲ್ಲಿ! ಪ್ರವಾಸಿಗರು ಕತ್ತೆತ್ತಿ ನೋಡಿ, ಫೋಟೊ ತೆಗೆದು ರೈನ್ ನದಿಯತ್ತ ನಡೆಯುತ್ತಾರೆ. ಊರಿನವರು ಸಂಜೆಯಾದರೆ ಪಕ್ಕದ ಗಲ್ಲಿಗಳ ಬಿಯರ್ ಮನೆಗಳಲ್ಲಿ ಸಿಗುತ್ತಾರೆ.

ಅಲ್ಲಿ ಸಿಗುವ ಬಿಯರ್ ಕೋಲ್ಶ್. ಹುಲ್ಲಿನ ತಿಳಿ ಹಳದಿ ಬಣ್ಣ, ಹಗುರ ರುಚಿ. ಊರಿನ ಆಡುಮಾತಿನ ಹೆಸರೂ ಕೋಲ್ಶ್. ‘ಕುಡಿಯೋಕೆ ಬರೋ ಭಾಷೆ ಜಗತ್ತಿನಲ್ಲಿ ನಮ್ಮದೊಂದೇ’ ಅನ್ನೋದು ಅವರ ಹಳೇ ತಮಾಷೆ. 200 ಮಿಲಿಲೀಟರಿನ ಸಣ್ಣ, ನೇರವಾದ ಲೋಟದಲ್ಲಿ ಕೊಡ್ತಾರೆ. ಕೋಬೆಸ್ ಎಂದು ಕರೆಸಿಕೊಳ್ಳುವ ಬಡಿಸುವವರು ಲೋಟ ಖಾಲಿಯಾದ ಹಾಗೆ ಕೇಳದೇ ಇನ್ನೊಂದು ಇಟ್ಟು, ಲೋಟದಡಿಯ ರಟ್ಟಿನ ಮೇಲೆ ಪೆನ್ಸಿಲ್ಲಿನ ಗೆರೆ ಎಳೆಯುತ್ತಾರೆ. ಸಾಕು ಅನ್ನಿಸಿದರೆ ಆ ರಟ್ಟನ್ನು ಲೋಟದ ಮೇಲೆ ಮುಚ್ಚಬೇಕು. 1986ರಲ್ಲಿ 24 ಬ್ರೂವರಿಗಳು ಒಪ್ಪಂದ ಮಾಡಿಕೊಂಡು, ಕೋಲ್ಶ್ ಎಂಬ ಹೆಸರು ಕಲೋನ್ ಸುತ್ತಮುತ್ತಲಿನ ಬಿಯರಿಗೆ ಮಾತ್ರ ಎಂದು ಕಟ್ಟುಮಾಡಿದವು.

ನನ್ನ ಸಹೋದ್ಯೋಗಿಯ ತಂದೆಗೆ ಎಪ್ಪತ್ತು ದಾಟಿದೆ. ಗೆಳೆಯರ ಜೊತೆ ವಾರಕ್ಕೊಮ್ಮೆ ಅದೇ ಮೇಜು, ಅದೇ ಕೋಲ್ಶ್. ಎರಡು ವರ್ಷದ ಹಿಂದೆ ಅವರಿಗೆ ಸೀಲಿಯಾಕ್ ಕಾಯಿಲೆ ಇದೆ ಅಂತ ಗೊತ್ತಾಯ್ತು. ಬಾರ್ಲಿ, ಗೋಧಿ, ರೈ ಮೂರರಲ್ಲೂ ಗ್ಲುಟೆನ್ ಇದೆ, ಹಾಗಾಗಿ ಮೂರೂ ಬಂದ್. ಗೆಳೆಯರ ನಡುವೆ ಸೇಬಿನ ರಸ ಹಿಡಿದು ಕೂರೋಕೆ ಮನಸ್ಸಾಗದೆ ಮೇಜಿಗೆ ಹೋಗೋದನ್ನೇ ಬಿಟ್ಟರು. ಮಗನಿಗೆ ಮನೆಯಲ್ಲಿ ಬಿಯರ್ ಮಾಡುವ ಹವ್ಯಾಸ. ಜರ್ಮನಿಯಲ್ಲಿ ಮನೆಬಳಕೆಗೆ ಅದಕ್ಕೆ ಅಡ್ಡಿಯಿಲ್ಲ. ‘ಬೇರೆ ಧಾನ್ಯದಲ್ಲಿ ಮಾಡೋಣ, ಬಾ’ ಎಂದ.

ಮಾಮೂಲಿ 20 ಲೀಟರ್ ಮಾಡಲು ಸುಮಾರು ನಾಲ್ಕು ಕಿಲೊ ಮಾಲ್ಟ್ ಬೇಕು. ಹೆಚ್ಚಿನದು ಪಿಲ್ಸ್ನರ್ ಬಾರ್ಲಿ ಮಾಲ್ಟ್, ಸ್ವಲ್ಪ ಗೋಧಿ ಮಾಲ್ಟ್. ಇದರಲ್ಲಿ ಸಣ್ಣಪುಟ್ಟ ಬದಲಾವಣೆ ಸುಲಭ. ಗೋಧಿ ಬಿಟ್ಟರೆ ನೊರೆ ಕೊಂಚ ಕಮ್ಮಿ. ಪಿಲ್ಸ್ನರ್ ಬದಲು ಪೇಲ್ ಏಲ್ ಮಾಲ್ಟ್ ಹಾಕಿದರೆ ಬಣ್ಣ ಗಾಢವಾಗಿ ಬಿಸ್ಕತ್ತಿನ ರುಚಿ ಬರುತ್ತೆ. ಆದರೆ ಬಾರ್ಲಿಯನ್ನೇ ತೆಗೆದರೆ? ಸಾಫ್ಟ್‌ವೇರಿನಲ್ಲಿ ಒಂದು ಭಾಗ ಕೀಳುವ ಮುಂಚೆ ಅದು ಏನೇನು ಕೆಲಸ ಮಾಡ್ತಿತ್ತು ಅಂತ ಪಟ್ಟಿ ಮಾಡ್ತೀವಲ್ಲ, ಇಲ್ಲೂ ಹಾಗೇ. ಬಾರ್ಲಿ ಪಿಷ್ಟ ಕೊಡುತ್ತೆ, ಆ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವ ಕೊಡುತ್ತೆ, ಅದರ ಸಿಪ್ಪೆ ರಸ ಸೋಸುವ ಜರಡಿಯಾಗುತ್ತೆ, ಪ್ರೋಟೀನ್ ನೊರೆ ನಿಲ್ಲಿಸುತ್ತೆ.

ನನಗೆ ಮೊದಲು ಹೊಳೆದದ್ದು ರಾಗಿ. ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸುವ ನಮ್ಮ ರಾಗಿ ಮಾಲ್ಟೂ ಮಾಲ್ಟೇ ತಾನೇ? ಮೊಳಕೆ ರಾಗಿಯ ಕಿಣ್ವಕ್ಕೆ ಶಕ್ತಿ ಚೆನ್ನಾಗಿದೆ. ಮಗುವಿಗೆ ಮಾಡುವ ಮಣ್ಣಿ ಅದರಿಂದಲೇ ತೆಳ್ಳಗಾಗೋದು. ಆದರೆ ಕೆಂಪು ರಾಗಿಯಿಂದ ಹುಲ್ಲಿನ ಬಣ್ಣ ಬರಲ್ಲ. ಕೊನೆಗೆ ಆರಿಸಿದ್ದು ‘ಹಿರ್ಸೆ’ ಮಾಲ್ಟ್. ಚೀಲ ಬಿಚ್ಚಿ ನೋಡಿದರೆ ನಮ್ಮ ಬರಗು!

ಬಾರ್ಲಿಗೆ 65 ಡಿಗ್ರಿ ನೀರಿನಲ್ಲಿ ಒಂದು ಗಂಟೆ ಸಾಕು. ಬರಗಿನ ಪಿಷ್ಟ ಬಿಚ್ಚಿಕೊಳ್ಳಲು ಇನ್ನೂ ಹೆಚ್ಚು ಬಿಸಿ ಬೇಕು, ಅಷ್ಟು ಬಿಸಿಗೆ ಅದರದೇ ಕಿಣ್ವ ಉಳಿಯಲ್ಲ. ಹಾಗಾಗಿ ಶಾಖ ತಡೆಯುವ ಕಿಣ್ವವನ್ನು ಹೊರಗಿಂದ ಹಾಕಿ, ಆಮೇಲೆ ಆರಿಸಿ ಇನ್ನೊಂದು ಕಿಣ್ವ ಸೇರಿಸಿದೆವು. ಸೋಸಲು ಭತ್ತದ ಹೊಟ್ಟು. ಹಳೇ ಪಾತ್ರೆ, ಗಿರಣಿಯಲ್ಲಿ ಬಾರ್ಲಿ ಅಂಟಿರುತ್ತೆ ಅಂತ ಎಲ್ಲ ಹೊಸದು ತಂದಿದ್ದ. ಯೀಸ್ಟ್ ಕೂಡ ಗ್ಲುಟೆನ್ ಇಲ್ಲದ್ದು. 16 ಡಿಗ್ರಿಯಲ್ಲಿ ಹುದುಗಿಸಿ, ನಾಲ್ಕು ವಾರ ಫ್ರಿಜ್ಜಿನಲ್ಲಿಟ್ಟೆವು.

ಬಣ್ಣ ಸರಿಯಾಗಿ ಬಂದಿತ್ತು. ನೊರೆ ಮಾತ್ರ ಬೇಗ ಇಳಿಯಿತು, ಕೊನೆಯಲ್ಲಿ ತೆಳುವಾದ ಧಾನ್ಯದ ಘಮ. ಹಿರಿಯರು ನಿಧಾನವಾಗಿ ಕುಡಿದು, ‘ಇದು ಕೋಲ್ಶ್ ಅಲ್ಲ’ ಅಂದರು. ಸುಮ್ಮನಿದ್ದು, ‘ನಾಲ್ಕು ಬಾಟಲಿ ಕೊಡು. ಗುರುವಾರ ಗೆಳೆಯರನ್ನ ಮನೆಗೇ ಕರೀತೀನಿ’ ಅಂದರು. ಆಗಿನಿಂದ ಆ ಗುಂಪು ತಿಂಗಳಿಗೊಮ್ಮೆ ಇವರ ಅಡುಗೆಮನೆಯಲ್ಲೇ ಸೇರುತ್ತೆ.

ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವಂತಿಲ್ಲ, ರಾಗಿ ಮಾಲ್ಟಿಗೇನೂ ತೊಂದರೆಯಿಲ್ಲ ಬಿಡಿ. ಕಲೋನ್‌ಗೆ ಹೋದರೆ ರಟ್ಟು ಮುಚ್ಚುವುದನ್ನು ಮರೆಯಬೇಡಿ. ಹಾಗೇ ಪಕ್ಕದ ಡ್ಯೂಸೆಲ್ಡಾರ್ಫ್‌ನ ಕಂದು ಬಿಯರ್ ‘ಆಲ್ಟ್’ ಇದೆಯಾ ಅಂತ ಮಾತ್ರ ಅಲ್ಲಿ ಕೇಳಬೇಡಿ. ಎರಡೂ ಊರಿಗೆ ಹಳೇ ಜಿದ್ದು!